ಕಲಿಸುವವಳ ಪರೀಕ್ಷೆ

ಸಾಗರದ ಸಮೀಪದ ವರದಹಳ್ಳಿಯಿಂದ ಸೋದರಿಯೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಶ್ರೀಧರ ಸ್ವಾಮಿಗಳ ಆಶ್ರಮದಿಂದಾಗಿ ನಾಡಿನ ಅನೇಕ ಕುಟುಂಬಗಳಿಗೆ ಪರಿಚಿತವಾದ ಊರು ಅದು. ಈ ಸೋದರಿ ಅಲ್ಲಿಯ ಅಡಕೆ ತೋಟದ ಮನೆಯೊಂದರ ಸೊಸೆ. ಏಳು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು, ಅನಂತರ ಶುಶ್ರೂಷಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿ ಪಡೆದು, ಈಗ ನಾಲ್ಕು ವರ್ಷಗಳಿಂದ ಜಿಲ್ಲೆಯ ನರ್ಸಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾರೆ. ವಾರದ ದಿನಗಳಲ್ಲಿ ಪಟ್ಟಣದ ಬಾಡಿಗೆಯ ಕೋಣೆ. ಶನಿವಾರ ಸಂಜೆ ಊರಿನ ಬಸ್ಸು. ಶುಶ್ರೂಷೆಯನ್ನು ಕಲಿಸುವವರಿಗಾಗಿಯೇ ಏರ್ಪಟ್ಟಿರುವ ಅಂತರರಾಷ್ಟ್ರೀಯ ಅರ್ಹತಾ ಪರೀಕ್ಷೆಯೊಂದಕ್ಕೆ ಕುಳಿತುಕೊಳ್ಳಬೇಕೆಂಬುದು ಅವರ ಅಭಿಲಾಷೆ. ಮನೆಯಲ್ಲಿ ವಿರೋಧವೇನೂ ಇಲ್ಲ. ಆದರೆ ಅತ್ತೆಯವರು, “ಕಲ್ಸೋಳಿಗೂ ಎಂತದೇ ಪರೀಕ್ಷೆ, ಮಾರಾಯ್ತಿ?” ಎಂದು ಕೇಳಿದರಂತೆ. ಆ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿರಲಿಲ್ಲವೆಂದು ಸೋದರಿ ಬರೆದಿದ್ದಾರೆ.

ಪತ್ರದ ಕೊನೆಯಲ್ಲಿ ನಾಲ್ಕು ಸಾಲಿನ ಟಿಪ್ಪಣಿಯೊಂದಿದೆ. ಪತ್ರದ ಜೀವ ಅಲ್ಲಿಯೇ ಇದೆಯೆಂದು ನಮಗೆ ತೋರಿತು. ಅವರ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಹುಡುಗಿಯೊಬ್ಬಳು, ವಾರ್ಡಿನಲ್ಲಿ ರೋಗಿಯೊಬ್ಬನ ಸ್ಥಿತಿ ಕಣ್ಣೆದುರಿಗೇ ಬದಲಾಗುತ್ತಿದ್ದಾಗ ಏನು ಮಾಡಬೇಕೆಂದು ತೋಚದೆ ಗೋಡೆಗೆ ಒರಗಿ ನಿಂತುಬಿಟ್ಟಳಂತೆ. ಹಿರಿಯ ಶುಶ್ರೂಷಕಿಯೊಬ್ಬರು ಧಾವಿಸಿ ಬಂದುದರಿಂದ ಅನಾಹುತ ತಪ್ಪಿತು. “ಆ ಹುಡುಗಿಗೆ ವಿಷಯ ತಿಳಿದಿರಲಿಲ್ಲವೆಂದು ಹೇಳುವ ಹಾಗಿಲ್ಲ, ನನ್ನ ಪ್ರಶ್ನೆಪತ್ರಿಕೆಯಲ್ಲಿ ಅವಳು ಅದೇ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದಳು. ಹಾಗಾದರೆ ನಾನು ಅಳೆದದ್ದು ಏನನ್ನು?” ಎಂದು ಸೋದರಿ ಕೇಳುತ್ತಾರೆ.

ಅತ್ತೆಯವರ ಪ್ರಶ್ನೆಗೆ ಉತ್ತರ ಸೊಸೆಯ ಈ ಪ್ರಶ್ನೆಯಲ್ಲಿಯೇ ಅಡಗಿದೆ. ಅದನ್ನು ಬಿಡಿಸಿ ನೋಡೋಣ.

ರೋಗಿಯ ಆರೈಕೆಯನ್ನು ಕ್ರಮಬದ್ಧವಾಗಿ ಕಲಿಸಬೇಕೆಂಬ ವಿಚಾರ ಬಹಳ ಹಳೆಯದೇನೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದುದು 1860ರಲ್ಲಿ. ನಮ್ಮ ದೇಶದಲ್ಲಿ ಶುಶ್ರೂಷೆಯ ಶಿಕ್ಷಣ ವಿಶ್ವವಿದ್ಯಾಲಯದ ಮೆಟ್ಟಿಲೇರಿದ್ದು 1946ರಲ್ಲಿ. ಆ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿ ತರಗತಿಗಳು ಪ್ರಾರಂಭವಾದವು. ಅದೇ ವರ್ಷ ಹೊರಬಂದ ಭೋರ್ ಸಮಿತಿಯ ವರದಿ, ಆಗಿನ ಭಾರತದಲ್ಲಿ ಸುಮಾರು 43,000 ಜನರಿಗೆ ಒಬ್ಬ ಶುಶ್ರೂಷಕಿ ಇದ್ದಳೆಂಬ ಲೆಕ್ಕವನ್ನು ನಾಡಿನ ಮುಂದಿಟ್ಟಿತು. ಮರುವರ್ಷ, 1947ರಲ್ಲಿ, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ಆ ಕಾಯಿದೆಯ ಸ್ಥಾನದಲ್ಲಿ ಹೊಸದೊಂದು ವ್ಯವಸ್ಥೆಯನ್ನು ತರಲು, ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಪದವಿಗಳ ಪರೀಕ್ಷೆಗಳನ್ನು ನಡೆಸುತ್ತದೆ.

ಹೀಗೆ ಶುಶ್ರೂಷಕಿಯಾಗಲು ಪರೀಕ್ಷೆ ಉಂಟು, ನೋಂದಣಿ ಉಂಟು. ಆದರೆ ಶುಶ್ರೂಷಕಿಯರಿಗೆ ಗುರುವಾಗುವುದಕ್ಕೆ? ನಮ್ಮಲ್ಲಿ ಪದವಿ ಮತ್ತು ಅನುಭವದ ವರ್ಷಗಳನ್ನು ನೋಡಿ ಆ ಅರ್ಹತೆಯನ್ನು ನಿರ್ಧರಿಸುತ್ತಾರೆ. ಎಂ.ಎಸ್‌ಸಿ. ಓದುವವರು ಮೊದಲನೆಯ ವರ್ಷದಲ್ಲಿ ಶುಶ್ರೂಷಾ ಶಿಕ್ಷಣವೆಂಬ ವಿಷಯವನ್ನೂ ಅಭ್ಯಾಸ ಮಾಡುತ್ತಾರೆ. ಒಂದು ಪತ್ರಿಕೆ ಬರೆದು ಮುಂದಕ್ಕೆ ಹೋಗುತ್ತಾರೆ. ಕಲಿಸುವುದೇ ಒಂದು ಪ್ರತ್ಯೇಕ ವಿದ್ಯೆ, ಅದಕ್ಕೂ ಅದರದೇ ಆದ ಪರೀಕ್ಷೆ ಬೇಕು ಎಂದು ಭಾವಿಸಿದವರು ಅಮೆರಿಕದ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ ಎಂಬ ಸಂಸ್ಥೆಯವರು. 1893ರಷ್ಟು ಹಿಂದೆಯೇ ಹುಟ್ಟಿದ ಈ ಸಂಸ್ಥೆ 2005ರಲ್ಲಿ ‘ಸರ್ಟಿಫೈಡ್ ನರ್ಸ್ ಎಜುಕೇಟರ್’ ಎಂಬ ಪ್ರಮಾಣಪತ್ರದ ಪರೀಕ್ಷೆಯನ್ನು ಆರಂಭಿಸಿತು. ನಮ್ಮ ಸೋದರಿ ಕುಳಿತುಕೊಳ್ಳಬಯಸುವುದು ಇದಕ್ಕೇ.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಈ ಪ್ರಮಾಣಪತ್ರ ವಿದೇಶದಲ್ಲಿ ಕೆಲಸ ಮಾಡಲು ಪರವಾನಗಿಯಲ್ಲ. ಅಮೆರಿಕದಲ್ಲಿ ಶುಶ್ರೂಷಕಿಯಾಗಿ ದುಡಿಯಬೇಕಾದವರು ಎನ್‌ಕ್ಲೆಕ್ಸ್ ಎಂಬ ಬೇರೆಯೇ ಪರೀಕ್ಷೆಯನ್ನು ದಾಟಬೇಕು. ಎರಡರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ಹಣ ಕೀಳುವ ದಲ್ಲಾಳಿಗಳ ಮಾತಿಗೆ ಯಾರೂ ಮರುಳಾಗಬಾರದು. ಇದು ಕಲಿಸುವ ಕೆಲಸದಲ್ಲಿ ಈಗಾಗಲೇ ಇರುವವರ ಪರಿಣತಿಗೆ ಸಿಗುವ ಮುದ್ರೆ, ಅಷ್ಟೆ. ಆ ಮುದ್ರೆಯೂ ಶಾಶ್ವತವಲ್ಲ. ಐದು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಶುಲ್ಕವನ್ನು ಡಾಲರಿನಲ್ಲಿ ಕೊಡಬೇಕಾಗುತ್ತದೆ. ಆದ್ದರಿಂದ ಸೋದರಿಯವರು ಸಂಸ್ಥೆಯೇ ಹೊರಡಿಸುವ ಕೈಪಿಡಿಯನ್ನು ತರಿಸಿಕೊಂಡು, ತಮ್ಮ ನೋಂದಣಿ, ಪದವಿ, ಬೋಧನೆಯ ವರ್ಷಗಳು ಅಲ್ಲಿಯ ನಿಯಮಕ್ಕೆ ಹೊಂದುತ್ತವೆಯೇ ಎಂದು ನೋಡಿಕೊಂಡ ಮೇಲೆಯೇ ಹಣ ಕಟ್ಟಲಿ. ಸಂಬಳ ಏರುತ್ತದೆಂಬ ನಿರೀಕ್ಷೆಯಿಂದ ಮಾತ್ರ ಹೊರಟರೆ ನಿರಾಶೆಯಾದೀತು. ಹುಡುಗಿ ಗೋಡೆಗೆ ಒರಗಿ ನಿಂತ ಆ ಗಳಿಗೆಯನ್ನು ಅರ್ಥಮಾಡಿಕೊಳ್ಳಬೇಕೆಂದು ಹೊರಟರೆ ಖಂಡಿತ ನಿರಾಶೆಯಾಗದು.

ಪರೀಕ್ಷೆಯ ಸ್ವರೂಪ ಸರಳವಾದದ್ದು: ಮೂರು ಗಂಟೆಗಳ ಅವಧಿ, 150 ಪ್ರಶ್ನೆಗಳು, ಪ್ರತಿಯೊಂದಕ್ಕೂ ಕೊಟ್ಟಿರುವ ಉತ್ತರಗಳಲ್ಲಿ ಒಂದನ್ನು ಆರಿಸುವುದು. ಅವುಗಳಲ್ಲಿ 20 ಪ್ರಶ್ನೆಗಳು ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಕ್ಕೆ ಇಟ್ಟವು, ಅವಕ್ಕೆ ಅಂಕವಿಲ್ಲ. ಯಾವ 20 ಎಂಬುದು ಅಭ್ಯರ್ಥಿಗೆ ತಿಳಿಯದು. ಗುರುವಿನ ಕೆಲಸವನ್ನು ಆ ಸಂಸ್ಥೆಯವರು ಎಂಟು ಸಾಮರ್ಥ್ಯಗಳಾಗಿ ವಿಂಗಡಿಸಿದ್ದಾರೆ. ಕಲಿಕೆಗೆ ಅನುಕೂಲ ಕಲ್ಪಿಸುವುದು, ವಿದ್ಯಾರ್ಥಿಯ ಬೆಳವಣಿಗೆಗೂ ವೃತ್ತಿಸಂಸ್ಕಾರಕ್ಕೂ ನೆರವಾಗುವುದು, ಕಲಿತದ್ದನ್ನು ಅಳೆಯುವುದು, ಪಠ್ಯಕ್ರಮವನ್ನು ರೂಪಿಸಿ ಅದರ ಫಲವನ್ನು ಪರಿಶೀಲಿಸುವುದು, ಬದಲಾವಣೆಗೆ ಮುಂದಾಳಾಗುವುದು, ತನ್ನ ಬೋಧನೆಯನ್ನು ನಿರಂತರವಾಗಿ ತಿದ್ದಿಕೊಳ್ಳುವುದು, ವಿದ್ವತ್ತಿನಲ್ಲಿ ತೊಡಗುವುದು, ಸಂಸ್ಥೆಯ ರೀತಿನೀತಿಗಳನ್ನು ಅರಿತು ಅದರೊಳಗೆ ಬಾಳುವುದು. ನಮ್ಮ ಶಿಕ್ಷಕಿಯರಲ್ಲಿ ಅನೇಕರು ಮೊದಲನೆಯದನ್ನೇ ಎಲ್ಲವೂ ಎಂದು ತಿಳಿದಿರುತ್ತಾರೆ. ‘ಚೆನ್ನಾಗಿ ಪಾಠ ಹೇಳುತ್ತಾರೆ’ ಎಂಬ ಕೀರ್ತಿ ಎಂಟರಲ್ಲಿ ಒಂದು ಪಾಲು ಮಾತ್ರ.

ಇನ್ನು ಅಭ್ಯಾಸದ ಮಾತು. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಗೆರೆ ಎಳೆಯುವುದು ನಮ್ಮೆಲ್ಲರ ಹಳೆಯ ಅಭ್ಯಾಸ. ಅದರಿಂದ ಓದಿದ ತೃಪ್ತಿ ಉಂಟಾಗುತ್ತದೆ, ನೆನಪು ಉಳಿಯುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಮರೆವಿನ ವೇಗವನ್ನು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದನು. ಓದಿದುದನ್ನು ಮತ್ತೆ ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೆ ವಾರದ ಮೇಲೆ ಹೆಚ್ಚು ನೆನಪಿರುತ್ತದೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ತೋರಿಸಿದರು. ಹಿಂದೆ ಕೂಲಿಮಠದಲ್ಲಿ ಐಗಳು ಪ್ರತಿದಿನ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರಲ್ಲ, ಅದರಲ್ಲಿ ಈ ತಿರುಳು ಇತ್ತು.

ಆದ್ದರಿಂದ ಸೋದರಿಯವರಿಗೆ ನಾವು ಸೂಚಿಸುವ ಕ್ರಮ ಇದು. ಅಡಕೆ ಸುಗ್ಗಿಯ ನವೆಂಬರ್, ಡಿಸೆಂಬರ್, ಜನವರಿಗಳಲ್ಲಿ ಮಲೆನಾಡಿನ ಮನೆಯ ಸೊಸೆಗೆ ರವಿವಾರವೂ ಬಿಡುವಿರದು. ಸುಗ್ಗಿ ಮುಗಿದ ಫೆಬ್ರವರಿಯಲ್ಲಿ ಪ್ರಾರಂಭಿಸಿ, ಜುಲೈ ಕೊನೆಯ ತನಕ ಆರು ತಿಂಗಳು ಇಟ್ಟುಕೊಳ್ಳಲಿ. ವಾರದ ಆರು ದಿನ ಒಂದೊಂದು ಗಂಟೆ, ರವಿವಾರ ಎರಡು ಗಂಟೆ ಎಂದರೆ 26 ವಾರಗಳಿಗೆ ಸುಮಾರು 200 ಗಂಟೆಗಳಾಗುತ್ತವೆ. ಮೊದಲ ವಾರದಲ್ಲಿಯೇ ಅಭ್ಯಾಸದ ಪ್ರಶ್ನೆಪತ್ರಿಕೆಯೊಂದನ್ನು ಬರೆದು, ಎಂಟು ವಿಭಾಗಗಳಲ್ಲಿ ತಮ್ಮ ದುರ್ಬಲ ಸ್ಥಾನ ಯಾವುದೆಂದು ಗುರುತಿಸಿಕೊಳ್ಳಲಿ. ಹೆಚ್ಚಿನ ಕಾಲ ಅದಕ್ಕೆ ಸಲ್ಲಲಿ. ಒಂದು ವಿಷಯವನ್ನು ಓದಿದ ಮರುದಿನ, ಮೂರನೆಯ ದಿನ, ಹತ್ತನೆಯ ದಿನ, ತಿಂಗಳಿನ ಮೇಲೆ ಪುಸ್ತಕ ಮುಚ್ಚಿ ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಲಿ. ಸಾಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಆಸನ ದೊರೆತರೆ, ಇದಕ್ಕಿಂತ ಒಳ್ಳೆಯ ಕೊಠಡಿ ಬೇರೆ ಬೇಡ.

ಇಷ್ಟು ಯಾವ ಪರೀಕ್ಷೆಗಾದರೂ ಸಲ್ಲುವ ಮಾತಾಯಿತು. ಈ ಪರೀಕ್ಷೆಯ ವೈಶಿಷ್ಟ್ಯವೆಂದರೆ, ಇಲ್ಲಿ ಓದುವ ವಿಷಯವೂ ದಿನನಿತ್ಯ ಮಾಡುವ ಕೆಲಸವೂ ಒಂದೇ ಆಗಿರುವುದು. ಸಿದ್ಧಾಂತವನ್ನು ಪುಸ್ತಕದಲ್ಲಿ ಬಿಡದೆ ತರಗತಿಗೆ ಒಯ್ಯಬೇಕು. ಅದಕ್ಕೆ ಸೋದರಿಯವರ ಸೀಮೆಯಲ್ಲಿಯೇ ಒಂದು ದೊಡ್ಡ ಪಾಠ ಕಾದು ಕುಳಿತಿದೆ. ಅದು ಮಂಗನ ಕಾಯಿಲೆ.

ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗವನ್ನು ಮೊತ್ತಮೊದಲು ಗುರುತಿಸಿದ್ದು 1957ರಲ್ಲಿ. ಊರಿನ ಹೆಸರೇ ರೋಗಕ್ಕೆ ಅಂಟಿ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಕಾಡಿನಲ್ಲಿ ಮಂಗಗಳು ಸಾಯುವುದು ಅದರ ಮುನ್ಸೂಚನೆ. ಉಣುಗು ಕಚ್ಚುವುದರಿಂದ ಅದು ಮನುಷ್ಯನಿಗೆ ತಗಲುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಹಾವಳಿ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಅದು ಹಲವು ಜೀವಗಳನ್ನು ಬಲಿ ತೆಗೆದುಕೊಂಡಿತು. 1990ರಿಂದ ಬಳಕೆಯಲ್ಲಿದ್ದ ಲಸಿಕೆಯನ್ನು, ಅದರ ಪ್ರಭಾವ ಸಾಲದೆಂದು ಕಂಡುಬಂದುದರಿಂದ, 2022ರಲ್ಲಿ ನಿಲ್ಲಿಸಲಾಯಿತು. ಈ ವೈರಸ್ಸನ್ನೇ ಕೊಲ್ಲುವ ನಿಶ್ಚಿತವಾದ ಔಷಧವಿಲ್ಲ. ಹಾಗಿರುವಾಗ ರೋಗಿಯನ್ನು ಉಳಿಸುವುದರಲ್ಲಿ ಶುಶ್ರೂಷೆಯ ಪಾಲು ಎಷ್ಟು ದೊಡ್ಡದೆಂಬುದನ್ನು ಓದುಗರೇ ಊಹಿಸಬಹುದು. ದೇಹದಲ್ಲಿ ನೀರಿನಂಶ ಕುಗ್ಗದಂತೆ ನೋಡಿಕೊಳ್ಳುವುದು, ಮೂಗು ಒಸಡುಗಳ ರಕ್ತಸ್ರಾವವನ್ನು ಕೂಡಲೇ ಗಮನಿಸುವುದು, ರಕ್ತಸ್ರಾವವನ್ನು ಹೆಚ್ಚಿಸುವ ಆಸ್ಪಿರಿನ್‌ನಂಥ ಮಾತ್ರೆಗಳು ರೋಗಿಯ ಬಾಯಿಗೆ ಬೀಳದಂತೆ ಎಚ್ಚರವಹಿಸುವುದು, ಇವೆಲ್ಲ ಶುಶ್ರೂಷಕಿಯ ಕೈಯಲ್ಲಿವೆ.

ಇದನ್ನು ಪಾಠವಾಗಿಸುವುದು ಹೇಗೆ? ಮೊದಲನೆಯದು ಉದ್ದೇಶ. ‘ವಿದ್ಯಾರ್ಥಿನಿಯು ಮಂಗನ ಕಾಯಿಲೆಯನ್ನು ತಿಳಿದುಕೊಳ್ಳುವಳು’ ಎಂದು ಬರೆದರೆ, ತಿಳಿದುಕೊಂಡಳೆಂದು ನಮಗೆ ತಿಳಿಯುವುದು ಹೇಗೆ? ಈ ರೋಗದಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ನೆಮ್ಮದಿಯಾಗಿದ್ದು, ಅನಂತರ ಎರಡನೆಯ ಸಲ ಜ್ವರ ಮರುಕಳಿಸಿ ತಲೆನೋವು, ನಡುಕ, ಬುದ್ಧಿಭ್ರಮೆ ಕಾಣಿಸಿಕೊಳ್ಳುತ್ತದೆ. ‘ವಿದ್ಯಾರ್ಥಿನಿಯು ಎರಡನೆಯ ಹಂತದ ಲಕ್ಷಣಗಳನ್ನು ಮನೆಗೆ ಹೊರಟ ರೋಗಿಯ ಮನೆಯವರಿಗೆ ಅವರ ಆಡುಮಾತಿನಲ್ಲಿ ವಿವರಿಸಿ, ಯಾವಾಗ ಮತ್ತೆ ಆಸ್ಪತ್ರೆಗೆ ಕರೆತರಬೇಕೆಂದು ಹೇಳುವಳು’ ಎಂದು ಬರೆದರೆ ಅದನ್ನು ಕಣ್ಣಿನಿಂದ ನೋಡಬಹುದು, ಕಿವಿಯಿಂದ ಕೇಳಬಹುದು, ಅಳೆಯಬಹುದು.

ಎರಡನೆಯದು ಪ್ರಶ್ನೆಯ ಮಟ್ಟ. ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞನೂ ಅವನ ಸಂಗಡಿಗರೂ 1956ರಲ್ಲಿ ಕಲಿಕೆಯನ್ನು ಏಣಿಯಂತೆ ಮೆಟ್ಟಿಲುಗಳಾಗಿ ವಿಂಗಡಿಸಿದರು. 2001ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ನೆನಪಿಡುವುದು ಕೆಳಗಿನ ಮೆಟ್ಟಿಲು. ಅರ್ಥಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಬೆಲೆಕಟ್ಟುವುದು, ಹೊಸದನ್ನು ರಚಿಸುವುದು ಅದರ ಮೇಲಿನವು. ‘ಮಂಗನ ಕಾಯಿಲೆಯನ್ನು ಹರಡುವ ಕೀಟ ಯಾವುದು?’ ಎಂಬ ಪ್ರಶ್ನೆ ಕೆಳಗಿನ ಮೆಟ್ಟಿಲಿನದು. ‘ಸೊಪ್ಪಿನ ಬೆಟ್ಟದಿಂದ ದರಗು ತಂದ ರೈತನೊಬ್ಬ ಜ್ವರದಿಂದ ಚೇತರಿಸಿಕೊಂಡು ಮನೆಗೆ ಹೋಗಿದ್ದಾನೆ. ಹದಿನಾರನೆಯ ದಿನ ಅವನ ಹೆಂಡತಿ ಬಂದು, ಬೆಳಗಿನಿಂದ ಏನೇನೋ ಮಾತನಾಡುತ್ತಿದ್ದಾನೆ ಎನ್ನುತ್ತಾಳೆ. ನೀನು ಮೊದಲು ಮಾಡುವುದೇನು?’ ಎಂಬ ಪ್ರಶ್ನೆಗೆ ಉತ್ತರಿಸಲು ಕಂಠಪಾಠ ಸಾಲದು. ಗೋಡೆಗೆ ಒರಗಿ ನಿಂತ ಹುಡುಗಿ ಮೊದಲ ಬಗೆಯ ಪ್ರಶ್ನೆಗಳಿಗೆ ಪೂರ್ಣ ಅಂಕ ಪಡೆದವಳು. ಎರಡನೆಯ ಬಗೆಯ ಪ್ರಶ್ನೆ ಅವಳಿಗೆ ಮೊದಲು ಎದುರಾದದ್ದು ಪರೀಕ್ಷೆಯ ಕೊಠಡಿಯಲ್ಲಿ ಅಲ್ಲ, ರೋಗಿಯ ಮಂಚದ ಬಳಿಯಲ್ಲಿ. ಅದು ಅವಳ ತಪ್ಪೆನ್ನಲಾದೀತೆ?

ಜಾರ್ಜ್ ಮಿಲ್ಲರ್ ಎಂಬ ವೈದ್ಯಶಿಕ್ಷಣದ ಪಂಡಿತ 1990ರಲ್ಲಿ ಇದನ್ನು ನಾಲ್ಕೇ ಹಂತಗಳಲ್ಲಿ ಹೇಳಿದನು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜವಾಗಿ ಮಾಡುವುದು. ಬರವಣಿಗೆಯ ಪರೀಕ್ಷೆ ಮೊದಲ ಎರಡನ್ನು ಅಳೆಯಬಲ್ಲದು. ಮೂರನೆಯದಕ್ಕೆ ಬೇರೆ ಉಪಾಯ ಬೇಕು. ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ 1975ರಲ್ಲಿ ಅದಕ್ಕೊಂದು ದಾರಿ ಮಾಡಿಕೊಟ್ಟನು. ಸಾಲಾಗಿ ಮೇಜುಗಳು, ಒಂದೊಂದರಲ್ಲಿ ಒಂದೊಂದು ಕೆಲಸ, ಗಂಟೆ ಬಾರಿಸಿದೊಡನೆ ಮುಂದಿನ ಮೇಜು, ಎಲ್ಲ ವಿದ್ಯಾರ್ಥಿಗಳಿಗೂ ಅದೇ ಕೆಲಸ, ಪರೀಕ್ಷಕನ ಕೈಯಲ್ಲಿ ಅದೇ ಪಟ್ಟಿ. ‘ಆಸ್ಕಿ’ ಎಂದು ಕರೆಯಲ್ಪಡುವ ಈ ಪದ್ಧತಿ 2021ರಲ್ಲಿ ಪರಿಷ್ಕೃತವಾದ ನಮ್ಮ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿಯೂ ಸೇರಿದೆ. ನಾಲ್ಕನೆಯದಕ್ಕೆ, ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು ನೋಡುವ ಗುರುವಿನ ಕಣ್ಣಿಗೆ ಬದಲಿಯಿಲ್ಲ.

ಮೂರನೆಯ ಸಂಗತಿ, ಪ್ರಶ್ನೆಪತ್ರಿಕೆಗೇ ಮಾಡುವ ಪರೀಕ್ಷೆ. ಇಲ್ಲಿ ಒಂದಿಷ್ಟು ಲೆಕ್ಕ ಬರುತ್ತದೆ, ಹೆದರಬೇಕಾಗಿಲ್ಲ. 40 ವಿದ್ಯಾರ್ಥಿನಿಯರಲ್ಲಿ 30 ಮಂದಿ ಒಂದು ಪ್ರಶ್ನೆಗೆ ಸರಿಯುತ್ತರ ಬರೆದರೆ ಆ ಪ್ರಶ್ನೆಯ ಸುಲಭತೆಯ ಸೂಚ್ಯಂಕ 0.75. ಅನಂತರ ಒಟ್ಟು ಅಂಕಗಳಲ್ಲಿ ಮೇಲಿನ 11 ಮಂದಿಯನ್ನೂ ಕೆಳಗಿನ 11 ಮಂದಿಯನ್ನೂ ಬೇರೆ ಮಾಡಿ ನೋಡಬೇಕು. ಮೇಲಿನವರಲ್ಲಿ 9, ಕೆಳಗಿನವರಲ್ಲಿ 4 ಮಂದಿ ಸರಿಯಾಗಿ ಉತ್ತರಿಸಿದ್ದರೆ, ಅಂತರವಾದ 5ನ್ನು 11ರಿಂದ ಭಾಗಿಸಿದಾಗ ಸುಮಾರು 0.45 ಬರುತ್ತದೆ. ಇದು ಒಳ್ಳೆಯ ಪ್ರಶ್ನೆ. ಬಲ್ಲವರನ್ನೂ ಅರಿಯದವರನ್ನೂ ಬೇರ್ಪಡಿಸುತ್ತದೆ. ಕೆಲವೊಮ್ಮೆ ಲೆಕ್ಕ ಸೊನ್ನೆಗಿಂತ ಕೆಳಗೆ ಇಳಿಯುವುದುಂಟು. ಎಂದರೆ ಜಾಣೆಯರು ತಪ್ಪಿದ್ದಾರೆ, ಉಳಿದವರು ಸರಿಯಾಗಿ ಬರೆದಿದ್ದಾರೆ. ಆಗ ಪ್ರಶ್ನೆಯ ವಾಕ್ಯದಲ್ಲಿ ಎರಡರ್ಥವಿರಬಹುದು, ಇಲ್ಲವೆ ಶಿಕ್ಷಕಿಯ ಕೈಯಲ್ಲಿರುವ ಉತ್ತರವೇ ತಪ್ಪಿರಬಹುದು. ಎಷ್ಟು ತರಗತಿಗಳಲ್ಲಿ ಈ ಲೆಕ್ಕ ಮಾಡದೆಯೇ ಅಂಕಪಟ್ಟಿಗಳು ಹೊರಬೀಳುತ್ತವೆ! ಯಾರೋ ಒಬ್ಬಳ ಒಂದು ವರ್ಷ ಆ ಅಂಕಗಳ ಮೇಲೆ ನಿಂತಿರುತ್ತದೆ.

ವಿಶ್ವಾಸಾರ್ಹತೆ, ಸಪ್ರಮಾಣತೆ ಎಂಬೆರಡು ಮಾತುಗಳು ಈ ಪರೀಕ್ಷೆಯ ಅಭ್ಯರ್ಥಿಗಳನ್ನು ಬಹಳ ಕಾಡುತ್ತವೆ. ಅಡಕೆ ಮಂಡಿಯ ತಕ್ಕಡಿಯನ್ನು ನೆನೆದರೆ ಸಾಕು. ಪ್ರತಿಸಲವೂ ಒಂದು ಕಿಲೋ ಕಡಮೆ ತೋರಿಸುವ ತಕ್ಕಡಿ ಹತ್ತು ಸಲ ತೂಗಿದರೂ ಒಂದೇ ಉತ್ತರ ಕೊಡುತ್ತದೆ, ಆದ್ದರಿಂದ ವಿಶ್ವಾಸಾರ್ಹ. ಆದರೆ ಅದು ಹೇಳುವ ತೂಕ ನಿಜವಾದದ್ದಲ್ಲ, ಆದ್ದರಿಂದ ಸಪ್ರಮಾಣವಲ್ಲ. ಕಂಠಪಾಠವನ್ನೇ ಅಳೆಯುತ್ತ ಅದನ್ನು ಶುಶ್ರೂಷೆಯ ಸಾಮರ್ಥ್ಯವೆಂದು ಕರೆಯುವ ಪ್ರಶ್ನೆಪತ್ರಿಕೆ ಇಂಥ ತಕ್ಕಡಿಯೇ. “ನಾನು ಅಳೆದದ್ದು ಏನನ್ನು?” ಎಂದು ಕೇಳಿದಾಗ ಸೋದರಿಯವರು ಸಪ್ರಮಾಣತೆಯ ಅಧ್ಯಾಯದ ಮೊದಲ ವಾಕ್ಯವನ್ನು ತಮಗರಿವಿಲ್ಲದೆಯೇ ಬರೆದಿದ್ದಾರೆ.

ಒಳ್ಳೆಯ ಶುಶ್ರೂಷಕಿಯೆಲ್ಲ ಒಳ್ಳೆಯ ಗುರುವಾಗುತ್ತಾಳೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪೆಟ್ರಿಷಿಯಾ ಬೆನ್ನರ್ ಎಂಬ ವಿದುಷಿ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಸಬಳಿಂದ ನಿಪುಣೆಯವರೆಗೆ ಶುಶ್ರೂಷಕಿಯ ಬೆಳವಣಿಗೆಯನ್ನು ಐದು ಘಟ್ಟಗಳಲ್ಲಿ ವಿವರಿಸಿದ್ದಾಳೆ. ಹೊಸಬಳಿಗೆ ನಿಯಮಗಳು ಬೇಕು. ನಿಪುಣೆ ನಿಯಮವನ್ನು ನೆನೆಯದೆಯೇ ಸನ್ನಿವೇಶವನ್ನು ಒಂದೇ ನೋಟದಲ್ಲಿ ಗ್ರಹಿಸುತ್ತಾಳೆ. ಮಲೆನಾಡಿನಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿಯಡಕೆ ಸುಲಿಯುವ ಹೆಂಗಸರನ್ನು ನೋಡಿದವರಿಗೆ ಇದು ತಿಳಿದ ಮಾತು. ‘ಹೇಗೆ ಸುಲಿಯುವುದು?’ ಎಂದು ಕೇಳಿದರೆ, ‘ಹೀಗೇ’ ಎಂದು ಇನ್ನೊಂದನ್ನು ಸುಲಿದು ತೋರಿಸುತ್ತಾರೆ. ಕೈಗೆ ತಿಳಿದಿರುವುದು ಬಾಯಿಗೆ ಬಾರದು. ಗುರುವಾಗಬೇಕಾದವಳು ತನ್ನ ಕೈಯನ್ನು ನಿಧಾನಗೊಳಿಸಿ, ಪ್ರತಿಯೊಂದು ಹೆಜ್ಜೆಗೂ ಮಾತು ಕೊಟ್ಟು, ಹೊಸಬಳ ಕಣ್ಣಿನಿಂದ ಮತ್ತೆ ನೋಡಲು ಕಲಿಯಬೇಕು. ಆದಕಾರಣವೇ ಕಲಿಸುವವಳಿಗೆ ಬೇರೊಂದು ಪರೀಕ್ಷೆ. ಅತ್ತೆಯವರಿಗೆ ಈ ಅಡಕೆಯ ದೃಷ್ಟಾಂತ ಹೇಳಿದರೆ ಎಲ್ಲರಿಗಿಂತ ಮೊದಲು ಅವರೇ ತಲೆದೂಗಿಯಾರು.

ವಿದ್ಯಾರ್ಥಿಯ ಬೆಳವಣಿಗೆ, ಪಠ್ಯಕ್ರಮ, ಸಂಸ್ಥೆ ಎಂಬ ಭಾಗಗಳೂ ಪರೀಕ್ಷೆಯಲ್ಲಿವೆ. ಇವನ್ನೂ ಪುಸ್ತಕಕ್ಕಿಂತ ಹೆಚ್ಚಾಗಿ ಸುತ್ತಮುತ್ತ ನೋಡಿ ಕಲಿಯಬೇಕು. ನಮ್ಮ ಜಿಲ್ಲೆಗಳ ನರ್ಸಿಂಗ್ ಕಾಲೇಜುಗಳಿಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹೆಣ್ಣುಮಕ್ಕಳು ಎಷ್ಟೋ ಮಂದಿ ಬರುತ್ತಾರೆ. ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ತಿಂಗಳಲ್ಲಿ ಅಂಥ ಹುಡುಗಿ ಬಾಯಿ ತೆರೆಯುವುದಿಲ್ಲ. ಅವಳನ್ನು ದಡ್ಡಿಯೆಂದು ಭಾವಿಸುವ ಶಿಕ್ಷಕಿ ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ತಪ್ಪು ಓದುತ್ತಿದ್ದಾಳೆ. ವಿಷಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಅನಂತರ ಇಂಗ್ಲಿಷಿನ ಪಾರಿಭಾಷಿಕ ಪದವನ್ನು ಜೋಡಿಸಿಕೊಟ್ಟರೆ ಹುಡುಗಿ ಚಿಗುರುತ್ತಾಳೆ. ನಾಳೆ ವಾರ್ಡಿನಲ್ಲಿ ರೋಗಿಯೊಡನೆ ಅವಳು ಆಡಬೇಕಾದ ಮಾತೂ ಕನ್ನಡವೇ ಅಲ್ಲವೆ? ವಿದ್ಯಾರ್ಥಿಯ ತೊಡಕನ್ನು ಬೇಗನೆ ಗುರುತಿಸಿ, ಅವಳೊಡನೆ ಏಕಾಂತದಲ್ಲಿ ಮಾತನಾಡಿ, ಎಂದಿಗೆ ಎಷ್ಟು ಸುಧಾರಿಸಬೇಕೆಂದು ಬರೆದುಕೊಟ್ಟು, ಆ ದಿನ ಮತ್ತೆ ನೋಡುವುದು ಗುರುವಿನ ಧರ್ಮ. ವರ್ಷದ ಕೊನೆಯಲ್ಲಿ ಕೊಡುವ ತೀರ್ಪಿಗಿಂತ, ನಡುವೆ ಕೊಡುವ ತಿದ್ದುಪಡಿಗೆ ಬೆಲೆ ಹೆಚ್ಚು. ತೀರ್ಪು ಬರುವ ಹೊತ್ತಿಗೆ ತಿದ್ದಿಕೊಳ್ಳಲು ಕಾಲ ಉಳಿದಿರುವುದಿಲ್ಲ.

ಪರೀಕ್ಷೆಯ ದಿನಕ್ಕೆ ಎರಡು ಮಾತು. ಇಲ್ಲಿಯ ಪ್ರಶ್ನೆಗಳಲ್ಲಿ ರೋಗಿಯಿದ್ದರೂ, ಉತ್ತರ ಕೊಡಬೇಕಾದವಳು ಶುಶ್ರೂಷಕಿಯಲ್ಲ, ಗುರು. ಏಳು ವರ್ಷ ವಾರ್ಡಿನಲ್ಲಿ ದುಡಿದ ಕೈ ತಾನೇ ಮುಂದೆ ಹೋಗಿ ಕೆಲಸ ಮಾಡಿಬಿಡಲು ತವಕಿಸುತ್ತದೆ. ರೋಗಿಗೆ ಅಪಾಯವಿದ್ದರೆ ಅದೇ ಸರಿ; ರೋಗಿಯ ಸುರಕ್ಷೆ ಎಲ್ಲಕ್ಕಿಂತ ಮೊದಲು. ಅಪಾಯವಿಲ್ಲದಿದ್ದಲ್ಲಿ ವಿದ್ಯಾರ್ಥಿನಿಗೆ ಯೋಚಿಸಲು ಅವಕಾಶ ಕೊಡುವ ಉತ್ತರವನ್ನೇ ಹುಡುಕಬೇಕು. ಎರಡನೆಯದಾಗಿ, 180 ನಿಮಿಷಗಳಲ್ಲಿ 150 ಪ್ರಶ್ನೆಗಳೆಂದರೆ ಒಂದಕ್ಕೆ ಒಂದು ನಿಮಿಷ ಹನ್ನೆರಡು ಸೆಕೆಂಡು. ಅಂಕವಿಲ್ಲದ 20 ಪ್ರಶ್ನೆಗಳಲ್ಲಿ ವಿಚಿತ್ರವಾದವೂ ಇರಬಹುದು. ಅಂಥದೊಂದು ಎದುರಾದರೆ ಎದೆಗುಂದದೆ ಮುಂದೆ ಸಾಗಬೇಕು.

ಮನೆಯವರಿಗೂ ಒಂದು ಮಾತು ಹೇಳದೆ ಈ ಅಂಕಣವನ್ನು ಮುಗಿಸುವುದು ನ್ಯಾಯವಲ್ಲ. ಮಗ ಪರೀಕ್ಷೆಗೆ ಓದುವಾಗ ಮನೆಯಲ್ಲಿ ರೇಡಿಯೋ, ಟೆಲಿವಿಷನ್ ಮೌನವಾಗುತ್ತವೆ. ನೆಂಟರು ಮೆಲುದನಿಯಲ್ಲಿ ಮಾತನಾಡುತ್ತಾರೆ. ಸೊಸೆ ಓದುವಾಗ? ಅಡುಗೆ, ಮಕ್ಕಳು, ಹಬ್ಬ, ಕೊಟ್ಟಿಗೆ ಎಲ್ಲ ಮುಗಿದು ದೀಪ ಆರಿಸುವ ಹೊತ್ತಿಗೆ ಅವಳ ಗಂಟೆ ಆರಂಭವಾಗುತ್ತದೆ. ರವಿವಾರದ ಎರಡು ಗಂಟೆ ಆಕೆಯ ಕೋಣೆಯ ಬಾಗಿಲನ್ನು ಯಾರೂ ತಟ್ಟದಂತೆ ಪತಿಯಾದವರು ನೋಡಿಕೊಳ್ಳಲಿ. ಅದಕ್ಕೆ ಡಾಲರು ಬೇಕಾಗಿಲ್ಲ.

ಸೋದರಿಯವರು ಉತ್ತೀರ್ಣರಾದರೆ ಸಂತೋಷ. ಕಾರಣಾಂತರದಿಂದ ಪರೀಕ್ಷೆಗೆ ಕುಳಿತುಕೊಳ್ಳಲಾಗದೆ ಹೋದರೂ ಆರು ತಿಂಗಳ ಅಭ್ಯಾಸ ವ್ಯರ್ಥವಲ್ಲ. ಅದರ ಫಲವನ್ನು ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ಮುಂದಿನ ಚಳಿಗಾಲದಲ್ಲಿ ಮಂಗ ಸತ್ತ ಸುದ್ದಿ ಬಂದು, ಕಾಡಂಚಿನ ಊರಿನಿಂದ ಜ್ವರದ ರೋಗಿಯೊಬ್ಬ ಆಸ್ಪತ್ರೆಗೆ ಬಂದಾಗ, ಅವನ ಮಂಚದ ಬಳಿ ಇವರ ಶಿಷ್ಯೆಯೊಬ್ಬಳು ನಿಂತಿರುತ್ತಾಳೆ. ಕಾಲೇಜಿನಲ್ಲಿ ನೂರು ಸಲ ಯೋಚಿಸಿ ಅಭ್ಯಾಸವಾದ ಮನಸ್ಸು, ಹತ್ತು ಸಲ ಮಾಡಿ ಪಳಗಿದ ಕೈ ಅವಳಲ್ಲಿದ್ದರೆ, ಅವಳು ಗೋಡೆಯನ್ನು ಹುಡುಕುವುದಿಲ್ಲ. ರೋಗಿಯ ನಾಡಿಯನ್ನು ಹುಡುಕುತ್ತಾಳೆ.